ಗುಂಡಿಗಳ ಎತ್ತರ

ನಾನು ಏಣಿ ಹಿಡಿದವನು, ಅಷ್ಟೆ.
ಕಲೆಯ ಗಂಧಗಾಳಿ ನನಗಿಲ್ಲ.
ಈ ಗಿರಣಿ ನೂಲುತ್ತಿದ್ದಾಗ ಇಲ್ಲೇ ಬೆಲ್ಟು ಬಿಗಿಯುತ್ತಿದ್ದೆ,
ನಿಂತ ದಿನ ಬೀಗ ಹಾಕಿದವನೂ ನಾನೇ.
ನಮ್ಮ ವುಚ್ ಊರಿನ ಹೆಸರಿಗೆ ದೋಣಿ ಎಂದರ್ಥ;
ಎಲ್ಲಿ ಹುಡುಕಿದರೂ ಹೊಳೆ ಕಾಣುವುದಿಲ್ಲ,
ನೆಲದಡಿ ಕೊಳವೆಯಲ್ಲಿ ಹರಿಯುತ್ತದೆ, ಪಾಪ.

ಮಾರ್ಚಿಯಲ್ಲಿ ಬಂದಳು ಬೋಗ್ನಾ.
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ, ಒಳಗೆ ಗುಂಡಿಗಳು,
ಊರವರು ಕೊಟ್ಟದ್ದು, ಇನ್ನೂರ ಹನ್ನೊಂದು.
ಒಂದೊಂದಕ್ಕೂ ಚೀಟಿ:
ಯಾರದು, ಯಾವ ಅಂಗಿಯದು,
ತೊಟ್ಟು ನಿಂತಾಗ ನೆಲದಿಂದ ಎಷ್ಟು ಮೇಲೆ.
"ಕಪ್ಪು ದಾರದಲ್ಲಿ ಇಳಿಬಿಡಿ," ಅಂದಳು,
"ಮೈಮೇಲೆ ಎಲ್ಲಿತ್ತೋ ಅಲ್ಲೇ ನಿಲ್ಲಬೇಕು, ಗಾಳಿಯಲ್ಲಿ."

ಇಳಿಬಿಟ್ಟೆ.
ಟ್ರಾಮ್ ಓಡಿಸುತ್ತಿದ್ದ ವಿಟೋಲ್ಡನ ಹಿತ್ತಾಳೆ ಗುಂಡಿ,
ನೂರ ಮೂವತ್ತೆಂಟು ಸೆಂಟಿಮೀಟರು.
ಲೂದ್ವಿಕಾಳ ಮದುವೆಯ ಮುತ್ತಿನದು, ನೂರ ಹದಿನೆಂಟು;
ಬೆನ್ನ ಮೇಲಿನದು, ಬೇರೆಯವರ ಬೆರಳಿಗೇ ಪರಿಚಯ.
ಒಂದು ಬಾತುಕೋಳಿ ಆಕಾರದ್ದು, ಮಗುವಿನ ಚಡ್ಡಿಯದು,
ನಲವತ್ತೊಂದು. ಚೀಟಿಯಲ್ಲಿ ಹೆಸರಿರಲಿಲ್ಲ.
ಅದರ ಎತ್ತರ ನೋಡಲು ನಾನು ನೆಲದ ಮೇಲೆ ಮಲಗಬೇಕಾಯಿತು.

ಸಂಜೆಗೆ ಕೋಣೆ ತುಂಬ ಜನ,
ಒಬ್ಬರೂ ಇಲ್ಲ.
ಬಾಗಿಲು ತೆರೆದರೆ ಎಲ್ಲರೂ ಒಮ್ಮೆಗೇ ಉಸಿರೆಳೆದ ಹಾಗೆ.
ಗುಂಡಿ ಬಿದ್ದರೆ ಹೊಲಿಯಬಹುದು, ಅನ್ನುತ್ತಿದ್ದಳು ನನ್ನ ಹೆಂಡತಿ;
ಗುಂಡಿಗೆ ಇಳಿದವಳನ್ನು ಯಾವ ಸೂಜಿ ಎತ್ತೀತು.

ಕೊನೆಗೆ ಉಳಿದದ್ದು ಬೋಗ್ನಾಳ ತಾಯಿಯದು.
ಕಂದು ಬಣ್ಣ, ನಾಲ್ಕು ತೂತು, ಅಂಚಿನಲ್ಲೊಂದು ಕಚ್ಚು.
ಚೀಟಿ ಖಾಲಿ.
"ಮೇಲೆ," ಅಂದಳು. "ಇನ್ನೂ ಮೇಲೆ."
ಅವಳ ನೆತ್ತಿ ದಾಟಿ ಒಂದು ಗೇಣು ಏರಿದ ಮೇಲೆ
"ಹಾಂ, ಇಲ್ಲಿ," ಅಂದಳು,
ಕತ್ತೆತ್ತಿ ನೋಡುತ್ತ ನಿಂತಳು.
ಟೇಪು ನೂರ ತೊಂಬತ್ತು ತೋರಿಸಿತು.
ಎದೆಗುಂಡಿ ಅಷ್ಟೆತ್ತರ ಇರುವ ಹೆಂಗಸನ್ನು
ಈ ಊರಲ್ಲಿ ನಾನು ಕಂಡಿಲ್ಲ. ಸುಮ್ಮನಿದ್ದೆ.

ಅಷ್ಟರಲ್ಲಿ ಚಿಕ್ಕಮ್ಮ ಗೆನೊವೇಫಾ,
ಕೋಲೂರಿಕೊಂಡು, ಗಸಗಸೆ ಕೇಕು ಕಟ್ಟಿಕೊಂಡು.
ನೋಡಿದಳು. ಕೇಕು ಕೆಳಗಿಟ್ಟಳು.
"ಯಾರಿವಳು?
ನಮ್ಮಕ್ಕ ನನ್ನ ಕಿವಿಯವರೆಗೆ ಬರುತ್ತಿದ್ದಳು.
ಮಗ್ಗದ ಮುಂದೆ ಮಣೆ ಹಾಕಿಕೊಂಡು ನಿಲ್ಲುತ್ತಿದ್ದಳು,
ಪಾಳಿಯವರೆಲ್ಲ ನಗುತ್ತಿದ್ದರು.
ಇದು ಚಳಿಗಾಲದ ಕೋಟಿನದು, ಕೆಳಗಿನಿಂದ ಎರಡನೆಯದು.
ಅವಳು ಹೋದಾಗ ನಿನಗೆ ನಾಲ್ಕು ವರ್ಷ, ಮಗೂ.
ನಿನಗೆ ಎಲ್ಲರೂ ಎತ್ತರವೇ."

ಬೋಗ್ನಾಗೆ ಈಗ ಐವತ್ತು.
ತಾಯಿಗಿಂತ ಹದಿನೇಳು ವರ್ಷ ದೊಡ್ಡವಳು.
ಮಾತಾಡಲಿಲ್ಲ. ದಾರ ಬಿಡಿ ಎಂದು ಕೈಸನ್ನೆ.
ಬಿಟ್ಟೆ.
ಹಣೆ ದಾಟಿತು, ಗಲ್ಲ, ಎದೆ, ಸೊಂಟ.
"ಸಾಕು," ಅಂದಳು ಚಿಕ್ಕಮ್ಮ. "ಇಲ್ಲ, ಇನ್ನು ತುಸು. ಹಾಂ."

ಎಣ್ಣೆ ಕುಡಿದು ಕಪ್ಪಾದ ಹಲಗೆಗಳ ಮೇಲೆ
ಬೋಗ್ನಾ ಮಂಡಿಯೂರಿದಳು, ಹಿಮ್ಮಡಿಯ ಮೇಲೆ ಕೂತಳು.
ಗುಂಡಿ ನೇರ ಅವಳ ಬಾಯಿಗೆ ಬಂತು.
ಅಂಚಿನ ಕಚ್ಚು ಏನೆಂದು ನನಗಾಗ ತಿಳಿಯಿತು:
ಹಾಲುಹಲ್ಲು.

ಟೇಪು ಏನೆನ್ನುತ್ತದೆಂದು ಅವಳು ಕೇಳಲಿಲ್ಲ.
ಆ ಚೀಟಿ ಈಗಲೂ ಖಾಲಿ.
ಏಣಿ ಮಡಚಿ ಗೋಡೆಗೊರಗಿಸಿದೆ.
ಕೇಕಿನ ತಳ ಸ್ವಲ್ಪ ಸೀದಿತ್ತು,
ದಾರಗಳ ನಡುವೆ ಜಾಗ ಮಾಡಿಕೊಂಡು ಕೂತು
ಮೂವರೂ ತಿಂದೆವು.