ಕಳೆದ ತೂಕ

ಕೋಡಿಬಾಗ ರಸ್ತೆಯ ನನ್ನ ಸ್ಟುಡಿಯೋದಿಂದ
ಯಾರೂ ಬಂದ ಹಾಗೇ ಹೊರಗೆ ಹೋಗುವುದಿಲ್ಲ.
ಸಂಬಂಧಕ್ಕೆ ಕಳಿಸುವ ಫೋಟೋ ಎಂದರೆ
ಗಲ್ಲದಡಿ ಒಂದಿಷ್ಟು, ಸೊಂಟಕ್ಕೆ ಎರಡು ಬೆರಳು;
ಈಗೀಗ ಕೇಳುವುದೂ ಇಲ್ಲ, ಮೌಸೇ ನಡೆದುಬಿಡುತ್ತದೆ
ಗೋಡೆಯ ಮೇಲಿನ ಸಾಬೂನಿನ ಹುಡುಗಿಯ ಕಡೆಗೆ.

ಸುಲೋಚನಾ ತಾಂಡೇಲ ಬಂದದ್ದು
ಮೀನುಗಾರರ ಸೊಸೈಟಿಯ ಕಾರ್ಡಿಗೆ, ಮೂರು ಕಾಪಿ.
ಅಬ್ಬಲಿಗೆ ಮುಡಿದು ಬೆನ್ನು ನೆಟ್ಟಗೆ ಮಾಡಿ ಕೂತಳು.
ಕೈಗೆ ಅಭ್ಯಾಸ. ತೋಳು, ಕುತ್ತಿಗೆ,
ಮಡಿಕೆ ಬಿದ್ದ ಗಲ್ಲ,
ಕಳೆದೆ.

ಮರುದಿನ ಬುಟ್ಟಿ ಮೆಟ್ಟಿಲಲ್ಲಿ ಇಳಿಸಿ
ಫೋಟೋ ಮೇಜಿಗೆ ಬಡಿದಳು: "ಇವಳ್ಯಾರು?
ಬೈತಖೋಲದಿಂದ ಪೇಟೆಗೆ ಬುಟ್ಟಿ ಹೊರೂದು
ಈ ಕುತ್ತಿಗೆ ಹತ್ರ ಆಗ್ತದ್ಯಾ?
ಬಂಗಡೆ ತೂಗುವಾಗ ಐವತ್ತು ಗ್ರಾಂ ಕಮ್ಮಿ ಬಂದ್ರೆ
ಪೇಟೆಗೆಲ್ಲ ಕೇಳೂ ಹಂಗೆ ಕೂಗ್ತೀಯಲ್ಲ,
ನನ್ನದು ಮೂರು ನಾಕು ಕೇಜಿ ನುಂಗಿದ್ಯಲ್ಲೋ,
ಎಲ್ಲಿಟ್ಟಿ? ಕೊಡು ವಾಪಸ್."

ನಕ್ಕೆ. ಅವಳು ನಗಲಿಲ್ಲ.
ಮೊದಲಿನ ಫೈಲು ತೆರೆದು ಇದ್ದಷ್ಟನ್ನೂ ಇದ್ದ ಹಾಗೆ
ಪ್ರಿಂಟು ಹಾಕಿದೆ. ಹಸಿ ಬೆರಳಲ್ಲಿ
ಗಲ್ಲದ ಮಡಿಕೆ ಮುಟ್ಟಿ ನೋಡಿ,
"ಹಾಂ, ಇದು ನನ್ನ ಆಯೀದು" ಅಂದಳು.
ಮೇಜಿನ ಮೇಲೊಂದು ಬೆಳ್ಳಿ ಹುರುಪೆ ಉಳಿಯಿತು.

ರಾತ್ರಿ ಶ್ರಾವಣಿ ಅನ್ನದ ತಟ್ಟೆ ಅತ್ತ ದೂಡಿ
ಮೊಬೈಲು ಮುಂದೆ ಹಿಡಿದಳು:
"ಅಪ್ಪಾ, ಈ ಕೈ ಸ್ವಲ್ಪ ಸಪೂರ ಮಾಡು.
ಎಲ್ಲರದ್ದೂ ಮಾಡ್ತೀಯಲ್ಲ."
ಒಂಬತ್ತನೇ ಕ್ಲಾಸು.

ಆ ಕೈ ಹುಟ್ಟಿದಾಗ
ಇಡೀ ಮಗುವೇ ಒಂದು ಕೇಜಿ ನಾನೂರು.
ಗಾಜಿನ ಪೆಟ್ಟಿಗೆಯಲ್ಲಿ ದಿನಕ್ಕೆ ಹತ್ತು, ಹದಿನೈದು
ಗ್ರಾಂ ಏರಿದ್ದನ್ನೆಲ್ಲ
ಕ್ಯಾಲೆಂಡರಿನ ಚೌಕಗಳಲ್ಲಿ
ಬರೆದಿಟ್ಟವ ನಾನು.