ಕಾಲವಲ್ಲದ ಅನಾನಸು

ಆನಂದಪುರದ ಶೆಡ್ಡಿನಲ್ಲಿ ಹನ್ನೊಂದು ವರ್ಷ
ಹಣ್ಣು ಆರಿಸಿದವಳು ನಾನು.
ಕಣ್ಣು ಕಟ್ಟಿ ಕೂರಿಸಿ, ಹೇಳುತ್ತೇನೆ:
ಇದು ದಿಲ್ಲಿ ಲಾರಿಗೆ, ಇದು ಜಾಮಿಗೆ,
ಇದು ನಾಳೆ ಹೊತ್ತಿಗೆ ಹುಳಿ ಬಂದು ನೊರೆ ಬಿಡುವುದು.
ಮೂಗೇ ನನ್ನ ತಕ್ಕಡಿ.

ಆದರೆ ಶೆಡ್ಡಿಗೆ ಬೀಗ ಬಿದ್ದು ತಿಂಗಳಾಗಿತ್ತು.
ಆ ರಾತ್ರಿ ಸಿಂಚನಾಳ ಬಾಯಿಂದ
ಅದೇ ವಾಸನೆ, ತೀರಾ ಕಳಿತದ್ದು.
ಎಲ್ಲಿ ಕದ್ದು ತಿಂದೆ, ಅಂದೆ.
ಅನ್ನಬಾರದಿತ್ತು.
ಎರಡು ವಾರದಿಂದ ಚೊಂಬಿಗೆ ಚೊಂಬು ನೀರು,
ಎರಡೆರಡು ಸಲ ಅನ್ನ,
ಆದರೂ ಯೂನಿಫಾರ್ಮಿನ ಸೊಂಟಕ್ಕೆ ಪಿನ್ನು ಹಾಕಬೇಕಾಗಿತ್ತು.
ಬೆಳೆಯುವ ವಯಸ್ಸಲ್ಲವಾ ಅಂದುಕೊಂಡಿದ್ದೆ.

ಹಾಲಪ್ಪನ ಗೂಡ್ಸ್ ಆಟೋ. ಹಿಂದೆ ಖಾಲಿ ಕ್ರೇಟುಗಳ ಗಡಗಡ.
ಸಾಗರ ಮುಟ್ಟುವವರೆಗೂ
ಅವಳ ಉಸಿರು ಏರು ಹತ್ತಿದವರ ಹಾಗೆ.
ನನ್ನ ತೊಡೆಯ ಮೇಲೆ ಮಲಗಿದಲ್ಲೇ
ಯಾವ ಗುಡ್ಡ ಹತ್ತುತ್ತಿದ್ದಳೋ.

ಬೆರಳು ಚುಚ್ಚಿದ ಹುಡುಗ, ಇಮ್ತಿಯಾಜ್,
ಯಂತ್ರ ನೋಡಿ ಇನ್ನೊಂದು ಬೆರಳು ಚುಚ್ಚಿದ.
ಅಂಕಿಯೇ ಇಲ್ಲ, ಬರೀ ‘ಹೈ’.
ಮೂತ್ರಕ್ಕೆ ಅದ್ದಿದ ಪಟ್ಟಿ ನೇರಳೆಯಾಯಿತು.
ರಕ್ತದ ತುಂಬ ಸಕ್ಕರೆ ಅಂದರು.
ಮೈ ಉಪವಾಸ ಬಿದ್ದಿದೆ ಅಂದರು.
ಎರಡೂ ಹೇಗೆ ನಿಜ, ಕೇಳಿದೆ.
ಯಾರಿಗೂ ಪುರುಸೊತ್ತಿರಲಿಲ್ಲ.

ಬೆಳಗಿನ ಜಾವ, ಡ್ರಿಪ್ಪಿನ ಹನಿ ಎಣಿಸುತ್ತ
ಫಿಲೋಮಿನಾ ಸಿಸ್ಟರು ಕೇಳಿದರು:
ಬಚ್ಚಲೊಲೆಗೆ ಏನು ಹಾಕುತ್ತೀರಿ?
ಕುಂಟೆ.
ಬರೀ ಕುಂಟೆಯಾ?
ಅಲ್ಲ, ಅಡಿಗೆ ಪುರಲೆ ಬೇಕು. ಇಲ್ಲದಿದ್ದರೆ
ಕುಂಟೆ ಉರಿಯಲ್ಲ, ಹೊಗೆಯಾಡುತ್ತೆ.
ಹಾಂ, ಅದೇ. ಅನ್ನದ ಸಕ್ಕರೆ ಪುರಲೆ, ಮೈಯ ಕೊಬ್ಬು ಕುಂಟೆ.
ಅದರ ಉರಿಯಲ್ಲೇ ಇದು ಪೂರ್ತಿ ಸುಡಬೇಕು.
ಇವಳ ಅಂಗಳದ ತುಂಬ ಪುರಲೆ ರಾಶಿ,
ಬಚ್ಚಲಿಗೆ ಬೀಗ, ಕೀಲಿ ಕಳೆದಿದೆ.
ಒಲೆ ಆರಬಾರದಲ್ಲ?
ಮೈ ಹೆದರಿ ಕುಂಟೆಯ ಮೇಲೆ ಕುಂಟೆ ತಳ್ಳಿತು.
ನಿಮ್ಮ ಮೂಗಿಗೆ ಬಡಿದದ್ದು ಹೊಗೆ.

ಹೊಗೆಗೂ ಹಣ್ಣಿನ ವಾಸನೆ ಇರುತ್ತದೆಂದು
ಶೆಡ್ಡಿನಲ್ಲಿ ಯಾರೂ ಹೇಳಿರಲಿಲ್ಲ.

ಆಮೇಲೆ, ಮಗು ಕಣ್ಣು ಬಿಟ್ಟ ಮೇಲೆ,
ನನ್ನ ಸೊಂಟ ತೋರಿಸಿ ಕೇಳಿದೆ:
ತುಪ್ಪ ಕಂಡವಳಲ್ಲ ನಾನು, ಇದೆಲ್ಲಿಂದ ಬಂತು?
ಸಿಸ್ಟರು ನಕ್ಕುಬಿಟ್ಟರು.
ಮಿಕ್ಕ ಅನ್ನವೇ ಅಂತೆ. ಈಲಿ ಕೂತು
ಗಂಜಿಯನ್ನೇ ಕೊಬ್ಬು ಮಾಡಿ ಒಟ್ಟುತ್ತದಂತೆ.
ಮತ್ತೆ ಕೊಬ್ಬು ಗಂಜಿಯಾಗುತ್ತಾ?
ಚೂರೇ ಚೂರು. ಉಳಿದದ್ದಕ್ಕೆ ವಾಪಸು ಬಸ್ಸಿಲ್ಲ.
ಇರಬಹುದು. ಭತ್ತ ಮಾರಿ ಓಲೆ ಮಾಡಿಸಿದ್ದೆ ಒಮ್ಮೆ.
ಹಸಿದ ನಡುರಾತ್ರಿ ಓಲೆ ಬೇಯಿಸಲಾದೀತೆ?

ಈಗ ಕೀಲಿ ಫ್ರಿಜ್ಜಿನ ಬಾಗಿಲಲ್ಲಿದೆ, ಮೊಸರಿನ ಪಕ್ಕ.
ಊಟಕ್ಕೆ ಮೊದಲು ಅಂಗಿ ಎತ್ತಿ ತಾನೇ ಚುಚ್ಚಿಕೊಳ್ಳುತ್ತಾಳೆ,
ಒಂದು ಕಣ್ಣು ಟೀವಿಯ ಮೇಲೆ.
ಹಬ್ಬಕ್ಕೆ ಹೋಳಿಗೆ ಬೇಕೆಂದರೆ
ಲೆಕ್ಕ ಹಾಕಿ ಅರ್ಧ ತಿನ್ನುತ್ತಾಳೆ,
ಉಳಿದರ್ಧಕ್ಕೆ ನನ್ನ ಹತ್ತಿರ ಜಗಳ.

ಮತ್ತೆ ಸೀಸನ್ನು. ಶೆಡ್ಡು ಗಮ್ಮೆನ್ನುತ್ತಿದೆ.
ಜೊತೆಯವರು ಮೂಗರಳಿಸುತ್ತಾರೆ,
ನನಗೆ ಎದೆ ಹೊಡೆದುಕೊಳ್ಳುತ್ತದೆ.
ಸಂಜೆ ಮನೆಗೆ ಬಂದು
ಮೊಣಕೈವರೆಗೆ ಸೋಪು ಹಚ್ಚಿ ಎರಡು ಸಲ ತೊಳೆದು,
ಸೀರೆ ಬಿಸಾಡಿ,
ಅವಳು ಮಲಗಿದ ಮೇಲೆ ಬಾಯ ಹತ್ತಿರ ಬಗ್ಗುತ್ತೇನೆ.

ಪೇಸ್ಟು. ಸ್ವಲ್ಪ ಬೆಳ್ಳುಳ್ಳಿ.