ಹಿನ್ನೀರ ದಂಡೆಯಲ್ಲಿ ಗಾಡಿ

ಶೆಟ್ಟಿಹಳ್ಳಿಯಲ್ಲಿ ಹಿನ್ನೀರು ಇಳಿದಿತ್ತು.
ನಾದಿನಿಯಿಂದ ಕಡ ತಂದ ಮಗುವಿನ ಗಾಡಿ,
ಮಾಲ್‌ನ ನೆಲಕ್ಕೆಂದೇ ಹುಟ್ಟಿದ ಚಕ್ರ;
ಇಲ್ಲಿ ದನದ ಗೊರಸು ಒತ್ತಿ ಒಣಗಿದ ಕೆಸರು,
ಹೆಜ್ಜೆಗೊಂದು ಬಟ್ಟಲು.

ಮುಂದೆ ಫೆಲಿಕ್ಸ್ ಎತ್ತಿದ, ಹಿಂದೆ ನಾನು.
ಪಲ್ಲಕ್ಕಿ ಅಂತ ನಗು ಬಂತು,
ಆಮೇಲೆ ಬರಲಿಲ್ಲ.
ಬಲೆ ಬಿಡಿಸುತ್ತಿದ್ದವನು ತಲೆಯೆತ್ತದೆ ಅಂದ:
‘ಕೂಸ್ನ ಸೊಂಟಕ್ಕೆ ಹಾಕ್ಕಳಿ ಅಕ್ಕ,
ಗಾಡಿ ತಾನೇ ಬತ್ತದೆ.’

ಬಸವನಹುಳುವಿನ ಚಿಪ್ಪು
ಚಕ್ರದಡಿ ಚಟ್ಟೆಂದಿತು.
ಕುಲುಕು, ಮತ್ತೆ ಕುಲುಕು,
ಕತ್ತು ವಾಲಿ, ಬಾಯಿ ತೆರೆದು
ಮೂರು ರಾತ್ರಿ ಕಣ್ಣು ಮುಚ್ಚದ ಜೆಸಿಂತ
ನಿದ್ದೆ ಹೋಗಿದ್ದಳು.

ಡಾಂಬರು ಸಿಕ್ಕಿತು. ಚಕ್ರ ಬೆಣ್ಣೆಯಾಯಿತು.
ಕಿಟಾರನೆ ಕಿರುಚಿದಳು.

ಒಬ್ಬರ ಮುಖ ಒಬ್ಬರು ನೋಡಿ
ಗಾಡಿ ತಿರುಗಿಸಿದೆವು
ಗೊರಸಿನ ಗುಂಡಿಗಳ ಕಡೆಗೆ.